ಏಳು ಜಾಡಿಗಳ ತುಕ್ಕು ತೆಗೆದದ್ದು

ಏಳು ಜಾಡಿ, ಆರು ದಿನ, ಮೂವತ್ತೊಂದು ನಿಂಬೆಹಣ್ಣು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮಾಡಿದ ಆ ಕೆಲಸದ ಲೆಕ್ಕ ನನ್ನ ದಿನಚರಿಯಲ್ಲಿ ಹೀಗಿದೆ. ಯಾವ ಹೊತ್ತಿಗೆ ಉಜ್ಜಿದೆ, ಎಷ್ಟು ಹೊತ್ತು ನೆನೆಯಲು ಬಿಟ್ಟೆ, ಕಲೆ ಎಷ್ಟು ಮಾಸಿತು, ಎಲ್ಲವೂ ಇದೆ. ಯಾವ ಜಾಡಿ ಯಾರದ್ದು ಎಂಬುದು ಮಾತ್ರ ಇಲ್ಲ.

ಹತ್ತನೇ ತರಗತಿಯಿಂದ ನಾನು ದಿನಚರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ತಾರೀಖು ಮತ್ತು ಎಣಿಕೆ ಹೆಚ್ಚು. ಮಳೆ ಬಂದ ದಿನ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನ. ಕಂಪಲಾಪುರದ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಯಾರದಾದರೂ ಹಸು ಗಬ್ಬವಾಗಿ ಎಷ್ಟು ತಿಂಗಳಾಯಿತು ಎಂದು ಜಗಳ ಬಂದರೆ, "ಆ ಹುಡ್ಗಿ ಪುಸ್ತಕ ಕೇಳ್ರಿ" ಎನ್ನುತ್ತಾರೆ. ನಾನು ಪುಸ್ತಕ ತೆಗೆದು ತಾರೀಖು ಹೇಳಿದರೆ ಆಮೇಲೆ ಯಾರೂ ಎದುರಾಡುವುದಿಲ್ಲ. ನನಗೆ ಅದು ಇಷ್ಟವಾಗುತ್ತಿತ್ತು. ಎಷ್ಟು ಇಷ್ಟವಾಗುತ್ತಿತ್ತು ಎಂದು ಆಗ ನನಗೆ ತಿಳಿದಿರಲಿಲ್ಲ.

ಜಾಡಿಗಳಲ್ಲಿ ನಾಲ್ಕು ನಮ್ಮವು, ಮೂರು ಎದುರುಮನೆ ಅವ್ವನವು. ನಮ್ಮಜ್ಜಿ ಮತ್ತು ಎದುರುಮನೆ ಅವ್ವ ಈ ಬೀದಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಹುಣಸೂರು ಸಂತೆಗೆ ಒಂದೇ ಗಾಡಿಯಲ್ಲಿ ಹೋಗಿ, ಒಬ್ಬನೇ ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡಿ ತಂದ ಪಿಂಗಾಣಿ ಜಾಡಿಗಳು ಅವು. ಮುಚ್ಚಳ ಮಾತ್ರ ಕಂದು, ಮೈಯೆಲ್ಲ ಬಿಳಿ. ಒಂದೇ ಎತ್ತರ, ಒಂದೇ ಅಗಲ. ಎದುರುಮನೆಯವರು ಅಡುಗೆಮನೆಗೆ ಟೈಲ್ಸ್ ಹಾಕಿಸುವಾಗ ಒಡೆಯುವಂಥದ್ದನ್ನೆಲ್ಲ ನಮ್ಮ ಒಳಕೋಣೆಗೆ ತಂದಿಟ್ಟಿದ್ದರು. ಹಾಗೆ ಏಳೂ ಒಂದೇ ಸಾಲಿನಲ್ಲಿ ಕೂತವು.

ಅವರು ಲಿಂಗಾಯತರು, ನಾವು ಒಕ್ಕಲಿಗರು. ಅವ್ವ ನಮ್ಮ ಮನೆಗೆ ದಿನಕ್ಕೆ ಎರಡು ಸಲ ಬಂದರೂ ಬಾಳೆಹಣ್ಣು ಬಿಟ್ಟು ಬೇರೇನೂ ತಿಂದವರಲ್ಲ. ಅದರಲ್ಲಿ ಯಾರಿಗೂ ಬೇಸರವಿರಲಿಲ್ಲ. "ನಿಮ್ಮನೆ ಮೀನು ಸಾರಿನ ವಾಸ್ನೆ ಕುಡ್ದೇ ನಂಗೆ ಹೊಟ್ಟೆ ತುಂಬೋಯ್ತು ಕಣಕ್ಕ" ಎಂದು ಅವರು ನಗುವುದು, "ಅಂಗಾರೆ ನಾಳೆಯಿಂದ ವಾಸ್ನೆಗೂ ಕಾಸು ಮಡಗು" ಎಂದು ನಮ್ಮಜ್ಜಿ ತಿರುಗಿಸುವುದು, ನಾನು ಹುಟ್ಟುವುದಕ್ಕೆ ಮುಂಚಿನಿಂದ ನಡೆದುಬಂದದ್ದು. ಅವ್ವ ಊಟಕ್ಕೆ ಕೂತರೆ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ತಟ್ಟೆಯಲ್ಲಿ ಇರುವುದನ್ನೆಲ್ಲ ಅದಕ್ಕೆ ತೋರಿಸಿಯೇ ಬಾಯಿಗೆ ಇಡುವುದು. ಉಪ್ಪಿನಕಾಯಿಯ ಹೋಳೂ ಅದರಲ್ಲಿ ಸೇರಿತು.

ನಮ್ಮ ನಾಲ್ಕು ಜಾಡಿಗಳಲ್ಲಿ ಒಂದು ಒಣಮೀನಿನದು. ಎಚ್.ಡಿ. ಕೋಟೆಯಲ್ಲಿರುವ ಅತ್ತೆ ಕಬಿನಿ ಹಿನ್ನೀರಿನ ಮೀನು ಒಣಗಿಸಿ ಕಳಿಸುತ್ತಾರೆ. ಆ ತಿಂಗಳು ನಮ್ಮಜ್ಜಿ ಅತ್ತೆಯ ಮಗಳ ಬಾಣಂತನಕ್ಕೆಂದು ಅಲ್ಲಿಗೇ ಹೋಗಿದ್ದಳು. ಹೋಗುವ ಮುಂಚೆ ಎಲ್ಲ ಜಾಡಿ ಖಾಲಿ ಮಾಡಿ, ತೊಳೆದು, ಕವುಚಿ ಹಾಕಿದ್ದಳು.

ಏಳಕ್ಕೂ ತುಕ್ಕಿನ ಕಲೆ ಇತ್ತು. ಪಿಂಗಾಣಿ ತಾನಾಗಿ ತುಕ್ಕು ಹಿಡಿಯುವುದಿಲ್ಲ, ಪಕ್ಕದಲ್ಲಿರುವ ಕಬ್ಬಿಣದಿಂದ ಹಚ್ಚಿಕೊಳ್ಳುತ್ತದೆ. ಮೂರರ ಕುತ್ತಿಗೆಗೆ ಕಬ್ಬಿಣದ ತಂತಿ ಎರಡು ಸುತ್ತು ಬಿಗಿದಿತ್ತು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಹಳೇ ತಂತಿ. ಅದರಡಿ ಉಂಗುರದ ಹಾಗೆ ಕಂದು ಕಲೆ ಕೂತಿತ್ತು. ಮಿಕ್ಕ ನಾಲ್ಕು ಕಬ್ಬಿಣದ ಪೆಟ್ಟಿಗೆಯ ಮೇಲೆ ವರ್ಷಗಟ್ಟಲೆ ನಿಂತು ಬುಡಕ್ಕೆ ಕಲೆ ಹಿಡಿಸಿಕೊಂಡಿದ್ದವು.

ಕೆ.ಆರ್. ನಗರದ ನನ್ನ ಕಾಲೇಜು ಗೆಳತಿ ಒಂದು ಭಾನುವಾರ ಮನೆಗೆ ಬಂದಿದ್ದಳು. ಒಳಕೋಣೆಗೆ ಇಣುಕಿ, "ಏನೇ ಇದು, ಇದ್ರಲ್ಲೇ ಉಪ್ಪಿನಕಾಯಿ ಹಾಕ್ತೀರಾ? ನೀವು ತಿನ್ನೋದು ಮಾವಿನ ತೊಕ್ಕಲ್ಲ ಕಣೇ, ಬರೀ ತುಕ್ಕು" ಎಂದು ನಕ್ಕಳು. ನಾನೂ ನಕ್ಕೆ. ಅವಳು ಬಸ್ ಹತ್ತಿದ ಮೇಲೆ ಮುಖ ಬಿಸಿಯಾಯಿತು. ಅವತ್ತಿನ ಪುಟದಲ್ಲಿ ಬರೆದೆ: "ಜಾಡಿ 7. ಕುತ್ತಿಗೆ ಕಲೆ 3, ಬುಡದ ಕಲೆ 4. ಎಲ್ಲ ತೆಗೆಯಬೇಕು."

ನಾನು ಶುರು ಮಾಡುವಾಗ ಅಮ್ಮ ಹೊಲಕ್ಕೆ ಹೊರಟಿದ್ದಳು. ಬಾಗಿಲಲ್ಲಿ ತಿರುಗಿ, "ಅದ್ರಲ್ಲಿ ಮೂರು ಅವರವು, ನೋಡ್ಕೊ" ಎಂದಳು. ನಾನು "ಹೂಂ" ಎಂದು, ಪುಸ್ತಕದಲ್ಲಿ "ನಮ್ಮವು 4, ಅವರವು 3" ಎಂದು ಸೇರಿಸಿದೆ. ಸಂಖ್ಯೆ ಸರಿಯಾಗಿತ್ತು. ಅಷ್ಟು ಸಾಕು ಅನ್ನಿಸಿತು.

ಮೊದಲು ತಂತಿಗಳನ್ನು ಇಕ್ಕಳದಿಂದ ಕತ್ತರಿಸಿ ಎಸೆದೆ. ನಿಂಬೆಹಣ್ಣು ಹೋಳು ಮಾಡಿ, ಉಪ್ಪಿನಲ್ಲಿ ಅದ್ದಿ, ಕಲೆಯ ಮೇಲೆ ತಿಕ್ಕಿ, ಎರಡು ಗಂಟೆ ಬಿಟ್ಟು ತೊಳೆದೆ. ಕಾಫಿ ಬಣ್ಣ ಟೀ ಬಣ್ಣಕ್ಕೆ ಇಳಿಯಿತು. ಎರಡನೇ ದಿನ ಅವಸರಪಟ್ಟು ಬ್ಲೀಚಿಂಗ್ ಪುಡಿ ಕಲಸಿ ಹಚ್ಚಿದೆ. ತುಕ್ಕಿಗೆ ಅದು ಸಲ್ಲದು. ಕಲೆ ಇನ್ನೂ ಗಟ್ಟಿಯಾಗಿ ಕೆಂಪಗಾಯಿತು. ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಉಜ್ಜಿದರೆ ಬೂದು ಗೆರೆ ಬಿತ್ತು, ನಾರಿನ ಚೂರು ಮೆರುಗಿನ ಸಂದಿಯಲ್ಲಿ ಸಿಕ್ಕಿಕೊಂಡು ಬೆಳಿಗ್ಗೆಗೆ ಅಲ್ಲೇ ಹೊಸ ತುಕ್ಕಿನ ಚುಕ್ಕೆ. ಅವತ್ತಿನ ಪುಟದಲ್ಲಿ "ಹಿಂದೆ ಹೋದೆ" ಎಂದಿದೆ.

ಮೂರನೇ ದಿನದಿಂದ ನಿಧಾನವಾದೆ. ಹಳೇ ಪಂಚೆ ಹರಿದು ಪಟ್ಟಿ ಮಾಡಿ, ನಿಂಬೆರಸದಲ್ಲಿ ತೋಯಿಸಿ, ಕಲೆಯ ಮೇಲೆ ಸುತ್ತಿ, ಒಣಗದಂತೆ ಮೇಲೊಂದು ಪ್ಲಾಸ್ಟಿಕ್ ಕಟ್ಟಿದೆ. ನಾಲ್ಕು ಗಂಟೆಗೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಹೊಸ ಪಟ್ಟಿ. ಬುಡದಲ್ಲಿ ಮೆರುಗಿಲ್ಲದ ಒರಟು ಅಂಚು ತುಕ್ಕನ್ನು ಒಳಕ್ಕೆ ಕುಡಿದಿತ್ತು. ಅಲ್ಲಿಗೆ ಹುಣಸೆಹಣ್ಣಿನ ಗಟ್ಟಿ ಲೇಪ. ಕೊನೆಗೆ ಅಡುಗೆ ಸೋಡವನ್ನು ನೀರಲ್ಲಿ ಕಲಸಿ ಮೆತ್ತನೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದೆ. ಆರನೇ ದಿನ ಸಂಜೆ ಏಳನ್ನೂ ಜಗುಲಿಯ ಮೇಲೆ ಇಟ್ಟೆ. ಕಡಲೆಬೇಳೆಯಷ್ಟು ಕಲೆ ಯಾವುದರಲ್ಲೂ ಇರಲಿಲ್ಲ. ಒಂದೊಂದಕ್ಕೂ ಮೂಗು ಹಾಕಿ ನೋಡಿದೆ. ಏಳರಲ್ಲೂ ನಿಂಬೆ ವಾಸನೆ. ಒಣಮೀನಿನ ಜಾಡಿಯ ವಾಸನೆಯೂ ಹೋಗಿದೆ ಎಂದು ನಾನು ಹಿಗ್ಗಿದೆ. ಅದು ಯಾವುದು ಎಂದು ಆಗಲೇ ನನಗೆ ಗೊತ್ತಿರಲಿಲ್ಲ ಎಂಬುದು ಹೊಳೆಯಲೇ ಇಲ್ಲ.

ಎರಡು ದಿನ ಬಿಟ್ಟು ಎದುರುಮನೆ ಅವ್ವ ಸೊಸೆಯನ್ನು ಕರೆದುಕೊಂಡು ಬಂದರು. ಟೈಲ್ಸ್ ಕೆಲಸ ಮುಗಿದಿತ್ತು. ಅವರ ಹಿತ್ತಿಲ ಮಾವಿನ ಮರದಲ್ಲಿ ಮಿಡಿ ಕೀಳುವುದಕ್ಕೆ ಬಂದಿತ್ತು, ಉಪ್ಪಿನಕಾಯಿಗೆ ಜಾಡಿ ಬೇಕಿತ್ತು.

"ಅಯ್ಯಯ್ಯೋ, ಮದ್ವೆ ಹೆಣ್ಣಿನ ಹಂಗೆ ಮಾಡ್ಬುಟ್ಟವಳಲ್ಲೇ!" ಅವ್ವ ಒಂದು ಜಾಡಿಯ ಬೆನ್ನು ಸವರಿದರು. ಆಮೇಲೆ ಕುತ್ತಿಗೆಯ ಸುತ್ತ ಬೆರಳು ಆಡಿಸಿದರು. ಇನ್ನೊಂದರ ಕುತ್ತಿಗೆ. ಮತ್ತೊಂದರದು. "ಉಂಗುರ ಎಲ್ಲವ್ವ?"

"ಯಾವ ಉಂಗುರ ಅವ್ವ?"

"ನಂವಕ್ಕೆ ತಂತಿ ಕಟ್ಟಿತ್ತಲ್ಲ. ನಿಮ್ಮಜ್ಜಿನೇ ಕಟ್ಟಿದ್ದು, ತಂದ ದಿನಾನೇ. ನಿಂದು ನಂದು ಬೆರಕೆ ಆಗ್ಬಾರ್ದು ಕಣಕ್ಕ ಅಂತ. ತಂತಿ ಹೋದ್ರೂ ಕಲೆ ಇರ್ತಿತ್ತು."

ದಿನಚರಿಯ ಎರಡು ಸಾಲು ನೆನಪಾದವು. ಕುತ್ತಿಗೆ ಕಲೆ ಮೂರು, ಬುಡದ ಕಲೆ ನಾಲ್ಕು. ಅವರವು ಮೂರು, ನಮ್ಮವು ನಾಲ್ಕು. ಎರಡು ಸಾಲೂ ನನ್ನ ಕೈಬರಹದಲ್ಲೇ ಇದ್ದವು. ಒಂದರ ಪಕ್ಕ ಒಂದಿಟ್ಟು ನಾನು ನೋಡಿರಲಿಲ್ಲ.

"ನಂವ್ಯಾವು ಮಗಾ?" ಅವ್ವ ಕೇಳಿದರು. ಅನುಮಾನದಿಂದಲ್ಲ. ಗೊತ್ತಿರುವವಳನ್ನು ಕೇಳುವ ಹಾಗೆ.

ಅವರ ಸೊಸೆ, "ಅವಳ ಪುಸ್ತಕದಲ್ಲಿ ಇಲ್ದೆ ಇರುತ್ತಾ ಅತ್ತೆ? ನಮ್ಮನೆ ಕೋಳಿ ಕೂಗಿದ್ದೂ ಬರ್ದಿರ್ತಾಳೆ" ಎಂದಳು.

"ನೀವೆಲ್ಲಿ ಕೋಳಿ ಸಾಕಿದ್ದೀರ ಅಕ್ಕ" ಎಂದು ನಾನು ತಮಾಷೆ ಮಾಡಿದೆ. ಆ ತಮಾಷೆ ಮಾಡುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಆ ಹೊತ್ತಿನಲ್ಲಿ "ಗೊತ್ತಿಲ್ಲ" ಎನ್ನಬಹುದಿತ್ತು. ನಾನು ಒಳಗೆ ಹೋಗಿ ಪುಸ್ತಕ ತಂದು, ಪುಟ ತಿರುವಿ, ಬೆರಳಿಟ್ಟು ಓದಿದ ಹಾಗೆ ಮಾಡಿ, ಎಡಗಡೆಯ ಮೂರು ಜಾಡಿ ತೋರಿಸಿದೆ.

"ಇವು ಮೂರು ನಿಮ್ಮವು ಅವ್ವ. ಬರ್ದಿದೀನಿ."

ಅವರು ಆ ಮೂರನ್ನು ಪಕ್ಕಕ್ಕೆ ತೆಗೆದಿಟ್ಟುಕೊಂಡರು. ಅವ್ವನಿಗೆ ಓದು ಬರುವುದಿಲ್ಲ. ಸೊಸೆಗೆ ಬರುತ್ತದೆ, ಆದರೆ ಅವಳು ಬಗ್ಗಿ ನೋಡಲಿಲ್ಲ. ನನ್ನ ಪುಸ್ತಕವನ್ನು ಬೀದಿಯಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ.

ಅವರು ಹೋದ ಮೇಲೆ ನಾನು ಕೂತು ಲೆಕ್ಕ ಹಾಕಿದೆ. ಏಳರಲ್ಲಿ ಮೀನಿನದು ಒಂದು. ಅದು ಅವರ ಮೂರರಲ್ಲಿ ಸೇರಿರುವುದಕ್ಕಿಂತ ನಮ್ಮ ನಾಲ್ಕರಲ್ಲಿ ಉಳಿದಿರುವ ಸಂಭವವೇ ಹೆಚ್ಚು. ಇದನ್ನು ಬರೆದಿದ್ದೇನೆ, ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಈಗ ಆ ಗೆರೆ ನೋಡಿದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಒಬ್ಬರು ದಿನಕ್ಕೆರಡು ಸಲ ದೇವರೆಂದು ಅಂಗೈಯಲ್ಲಿ ಹಿಡಿಯುವುದನ್ನು ನಾನು ನಾಲ್ಕು ಮೂರರ ಪಂದ್ಯ ಮಾಡಿದ್ದೆ.

ಮಾರನೇ ದಿನ ಅವರು ಮಿಡಿ ಉಪ್ಪಿಗೆ ಹಾಕಿದರು. ಉಪ್ಪಿನಲ್ಲಿ ಹತ್ತು ಹನ್ನೆರಡು ದಿನ ಮುರುಟಬೇಕು, ಆಮೇಲೆ ಖಾರ, ಸಾಸಿವೆ. ಅಂದರೆ ಅಷ್ಟು ದಿನ ಯಾರ ಬಾಯಿಗೂ ಹೋಗುವುದಿಲ್ಲ. ಅಷ್ಟರಲ್ಲಿ ಹೇಳಿದರಾಯಿತು ಎಂದುಕೊಂಡೆ. ಪುಟದ ಮೂಲೆಯಲ್ಲಿ ದಿನಕ್ಕೊಂದು ಗೀಟು ಹಾಕತೊಡಗಿದೆ. ಗೀಟಿದ್ದರೆ ಅವತ್ತೂ ಹೇಳಲಿಲ್ಲ ಎಂದು ಅರ್ಥ. ಯಾರಾದರೂ ನೋಡಿಯಾರೆಂದು ಪಕ್ಕದಲ್ಲಿ ಏನೂ ಬರೆಯಲಿಲ್ಲ. ನಾಲ್ಕನೇ ದಿನ ಅವ್ವ ಬಾವಿಕಟ್ಟೆಯ ಹತ್ತಿರ ಸಿಕ್ಕರು, ಸೊಸೆ ಜೊತೆಗಿದ್ದಾಳೆ ಎಂದು ಬಿಟ್ಟೆ. ಏಳನೇ ದಿನ ಒಬ್ಬರೇ ಇದ್ದರು, ಜ್ವರ ಬಂದಿದೆ ಪಾಪ ಎಂದು ಬಿಟ್ಟೆ. ಒಂಬತ್ತನೇ ದಿನಕ್ಕೆ ಕಾರಣವೂ ಇರಲಿಲ್ಲ. ನಾನು ಹಿಂದಿನ ಬಾಗಿಲಿಂದ ಓಡಾಡುವುದು ಕಂಡು ಅಮ್ಮ, "ಮುಂದ್ಗಡೆ ಏನ್ ಹುಲಿ ಕೂತದಾ?" ಎಂದಳು.

ಉಗಾದಿಗೆ ಮೂರು ದಿನವಿದೆ ಎನ್ನುವಾಗ, ಹದಿನಾರನೇ ಗೀಟಿನ ದಿನ, ಅವ್ವ ಸ್ಟೀಲ್ ಬಟ್ಟಲಲ್ಲಿ ಉಪ್ಪಿನಕಾಯಿ ತಂದರು.

"ತಕ್ಕೊ. ನೀನು ಮೈ ಮುರ್ದು ತೊಳ್ದ ಜಾಡಿದು. ಬೇರೆ ಯಾರ್ಗೂ ಮುಂಚೆ ನಿಂಗೇ ಕೊಡ್ಬೇಕು ಅಂತ ಸೊಸೆ ಕೈಲೂ ಮುಟ್ಟುಸ್ನಿಲ್ಲ."

"ನೀವು ತಿಂದ್ರಾ ಅವ್ವ?" ಎಂದೆ.

"ಬೆಳಿಗ್ಗೆನೇ ಆಯ್ತು. ಮುದ್ದೆ ಜೊತೆ. ಅವನಿಗೆ ತೋರ್ಸೇ ತಿಂದೆ, ಇನ್ನೇನು." ಸೆರಗಿನಡಿ ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ನಕ್ಕರು.

ಆಗ ಹೇಳಿದೆ. ಬಟ್ಟಲು ಕೈಯಲ್ಲೇ ಇತ್ತು. ಕಲೆ ಎರಡು ಥರ ಇದ್ದದ್ದು, ತಂತಿ ಎಸೆದದ್ದು, ಏಳೂ ಒಂದೇ ಆದದ್ದು, ಅದರಲ್ಲಿ ಒಂದು ಒಣಮೀನಿನದು ಎಂಬುದು, ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ ಎಂಬುದು. ಅವರು ಜಗುಲಿಯ ಕಂಬ ಹಿಡಿದು ಮೆಲ್ಲಗೆ ಕೂತರು.

"ಮೀನಿಂದು ಯಾವ್ದು ಅಂತ ಗೊತ್ತಾ?"

"ಗೊತ್ತಿಲ್ಲ ಅವ್ವ."

"ಅವತ್ತು ಗೊತ್ತಿತ್ತಾ?"

"ಇಲ್ಲ."

"ಅವತ್ತೂ ಅದ್ನೇ ಹೇಳ್ಬೋದಿತ್ತಲ್ಲವ್ವ. ನಂವು ಬೆರಕೆ ಆಗವೆ ಅಂದಿದ್ರೆ ಏಳೂ ನಿಮ್ಮನೇಲೇ ಇರ್ಲಿ ಅಂತಿದ್ದೆ. ನಿನ್ನೇನು ಹೊಡೀತಿದ್ನಾ?"

ಸದ್ದು ಕೇಳಿ ಸೊಸೆ ಎದುರು ಬಾಗಿಲಿಗೆ ಬಂದು, ವಿಷಯ ತಿಳಿದು, ಅಲ್ಲಿಂದಲೇ, "ಪುಸ್ತಕ ತಂದು ಬೆರ್ಳಿಟ್ಟು ಓದಿದ್ಯಲ್ಲಾ ತಾಯಿ! ಬಾಯಲ್ಲಿ ಸುಳ್ಳು ಹೇಳೋರ ಕಂಡಿದ್ದೆ, ಬೆರ್ಳಲ್ಲಿ ಹೇಳೋರ ಇವತ್ತೇ ನೋಡಿದ್ದು" ಎಂದಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಅವ್ವ, "ಬುಡು, ಒಳಿಕ್ಕೋಗು" ಎಂದು ಸೊಸೆಯನ್ನು ಗದರಿದರು. ಅದು ನನ್ನ ಮೇಲಿನ ಕರುಣೆಯಲ್ಲ, ಮಾತು ಬೀದಿಗೆ ಬೀಳಬಾರದೆಂದು ಅಷ್ಟೆ. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಎದ್ದರು.

ಮೂರು ಜಾಡಿ ತುಂಬ ಮಿಡಿಯನ್ನು ಅವರು ಹಿತ್ತಿಲ ತಿಪ್ಪೆಗೆ ಸುರಿದರು. ನಾನು ಸಹಾಯಕ್ಕೆ ಹೋದೆ, ಬೇಡವೆನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಬೇಲಿಯ ಈಚೆ ನಿಂತು ನೋಡಿದೆ. ಖಾರ ಹಚ್ಚಿಕೊಂಡ ಮಿಡಿಗಳು ಒಂದೊಂದಾಗಿ ಉರುಳುವಾಗ ನನಗರಿವಿಲ್ಲದೆ ಎಣಿಸುತ್ತಿದ್ದೆ. ನಲವತ್ತಕ್ಕೆ ಬಂದಾಗ ಗೊತ್ತಾಗಿ ನಿಲ್ಲಿಸಿದೆ. ಆಮೇಲೆ ಅವರು ತಲೆಗೆ ನೀರು ಹಾಕಿಕೊಂಡು ಒಳಗೆ ಹೋದರು. ಅವತ್ತು ಉಣ್ಣಲಿಲ್ಲ, ಮಾರನೇ ದಿನವೂ ಬರೀ ನೀರು ಕುಡಿದರು ಎಂದು ಸೊಸೆ ಅಮ್ಮನಿಗೆ ಹೇಳಿದಳು. ಖಾಲಿ ಜಾಡಿ ಮೂರೂ ಸಂಜೆಗೆ ನಮ್ಮ ಜಗುಲಿಯ ಮೇಲಿದ್ದವು. ಬೆಳ್ಳಗೆ, ಕಲೆಯಿಲ್ಲದೆ.

ಉಗಾದಿ ಕಳೆದು ನಾಲ್ಕನೇ ದಿನ ನಮ್ಮಜ್ಜಿ ಕೋಟೆಯಿಂದ ಬಂದಳು. ಬೈಯುತ್ತಾಳೆ ಎಂದು ಕಾದೆ. ಅವಳು ಏಳು ಜಾಡಿಯನ್ನೂ ಮುಟ್ಟಿ ಮುಟ್ಟಿ ನೋಡಿದಳು. ಅವಳಿಗೂ ಗುರುತು ಸಿಗಲಿಲ್ಲ. ಎದುರುಮನೆಗೆ ಹೋಗಿ ಒಂದು ಗಂಟೆ ಕೂತು ಬಂದಳು. ಏನು ಮಾತಾಯಿತೋ ಹೇಳಲಿಲ್ಲ. "ನಾಳಿದ್ದು ಅವಳು ಹುಣ್ಸೂರಿಗೆ ಜಾಡಿ ತರಕ್ಕೆ ಹೋಯ್ತಾಳೆ. ಸೊಸೆಗೆ ಪುರಸೊತ್ತಿಲ್ಲ. ನೀನು ಜೊತೇಲಿ ಹೋಗು. ಕಾಸು ನಾನೇ ಕೊಟ್ಟಿವ್ನಿ. ಬಾಯಿ ಮುಚ್ಕೊಂಡ್ ಹೋಗ್ಬುಟ್ಟು ಬಾ" ಎಂದಳಷ್ಟೆ.

ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತರು, ನಾನು ಈಚೆ. ಇಬ್ಬರ ಆಧಾರ್ ಕಾರ್ಡೂ ನಾನೇ ತೋರಿಸಿದೆ, ಕಂಡಕ್ಟರ್ ಎರಡು ಉಚಿತ ಟಿಕೆಟ್ ಹರಿದುಕೊಟ್ಟ. ದಾರಿಯುದ್ದಕ್ಕೂ ಅವರು ಹೊರಗೆ ನೋಡುತ್ತಿದ್ದರು. ಹುಣಸೂರಿನ ಪಾತ್ರೆ ಅಂಗಡಿಯಲ್ಲಿ ಹತ್ತು ಜಾಡಿ ಕೆಳಗಿಳಿಸಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಎರಡು ಚಿಕ್ಕವನ್ನು ಆರಿಸಿದರು. ಮೂರು ಬೇಡ, ಈ ವರ್ಷ ಮಿಡಿ ಉಳಿದಿಲ್ಲ ಎಂದರು. ಅಂಗಡಿಯವರು ಕಾಗದ ಸುತ್ತುತ್ತಾ, "ಮೊಮ್ಮಗಳಾ ಅವ್ವ?" ಎಂದು ನನ್ನ ಕಡೆ ನೋಡಿದರು.

"ಅಲ್ಲ. ಎದುರುಮನೆ ಹುಡ್ಗಿ."

ಅದು ನಿಜವೇ. ಆದರೆ ಹಿಂದೆ ಎಷ್ಟೋ ಸಲ ಅವರು ಈ ಪ್ರಶ್ನೆಗೆ "ಹೂಂ, ನಂದೇ" ಎಂದು ನಕ್ಕಿದ್ದರು.

ವಾಪಸು ಬರುವಾಗ ಎರಡು ಜಾಡಿಯನ್ನೂ ಮಡಿಲಲ್ಲಿ ಇಟ್ಟುಕೊಂಡರು. ಬಸ್ ತಿರುಗಿದಾಗಲೆಲ್ಲ ಎರಡು ತೋಳಿಂದ ಅವುಚಿ ಹಿಡಿಯುತ್ತಿದ್ದರು. "ಒಂದು ನನಗೆ ಕೊಡಿ ಅವ್ವ" ಎಂದೆ. "ಇರ್ಲಿ" ಎಂದರು. ಕೋಪದ ದನಿಯಾಗಿರಲಿಲ್ಲ.

ಕಂಪಲಾಪುರದಲ್ಲಿ ಬಸ್ ನಿಂತಿತು. ಅವರ ಮಂಡಿಗೆ ಮೆಟ್ಟಿಲು ಕಷ್ಟ, ಕಂಬಿ ಹಿಡಿಯದೆ ಇಳಿಯಲಾರರು. ನಾನು ಮುಂಚೆಯೇ ಇಳಿದು, ತಿರುಗಿ ನಿಂತು, ಜಾಡಿಗಾಗಿ ಎರಡೂ ಕೈ ಮೇಲಕ್ಕೆ ಚಾಚಿದೆ. ಅವ್ವ ನನ್ನ ಕೈ ನೋಡಿದರು. ಪಕ್ಕದಲ್ಲಿದ್ದ ಕಂಡಕ್ಟರ್‌ಗೆ, "ಒಸಿ ಹಿಡ್ಕಳಪ್ಪ" ಎಂದು ಎರಡನ್ನೂ ಕೊಟ್ಟರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು, ನನ್ನನ್ನು ದಾಟಿ ಪಕ್ಕಕ್ಕೆ ನಿಂತರು, ಅವನ ಕೈಯಿಂದ ಜಾಡಿಗಳನ್ನು ತಾವೇ ತೆಗೆದುಕೊಂಡರು. ಬಸ್ ಹೊರಟುಹೋಯಿತು. ನಾನು ಕೈ ಇಳಿಸಿ ಅವರ ಹಿಂದೆ ನಡೆದೆ.